ಸೂಪರ್ ಕಂಪ್ಯೂಟರಿನ ಮೊದಲ ಪಾಠ

ಸೂಪರ್ ಕಂಪ್ಯೂಟರ್ ಎಂದೊಡನೆ, ಎಂಥ ಜಟಿಲ ಲೆಕ್ಕವನ್ನಾದರೂ ಕಣ್ಣು ಮಿಟುಕಿಸುವುದರೊಳಗೆ ಮಾಡಿ ಮುಗಿಸುವ ಯಂತ್ರವೊಂದು ನಮ್ಮ ಮನಸ್ಸಿಗೆ ಬರುತ್ತದೆ. ಹವಾಮಾನ ಮುನ್ಸೂಚನೆ, ಔಷಧಗಳ ಶೋಧ, ವಿಮಾನದ ರೆಕ್ಕೆಯ ವಿನ್ಯಾಸ, ಗೆಲಾಕ್ಸಿಗಳ ಹುಟ್ಟು ಇವೆಲ್ಲದರ ಅಧ್ಯಯನಕ್ಕೂ ಇಂದು ಅದರ ನೆರವು ಬೇಕು. ಆದರೆ ಈ ಯಂತ್ರವನ್ನು ಮೊದಲ ಬಾರಿಗೆ ಬಳಸುವವರಿಗೆ ಆಗುವ ಅನುಭವ ಬೇರೆಯೇ.

ಸಂಶೋಧನೆಗೆ ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಲೋಹದ ಹಾಳೆಯಲ್ಲಿ ಶಾಖ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಆಕೆ ಸಿ ಭಾಷೆಯಲ್ಲಿ ಬರೆದಿದ್ದಾಳೆ. ತನ್ನ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಅದು ಮುಗಿಯಲು 100 ಗಂಟೆ ಬೇಕು. ಸೂಪರ್ ಕಂಪ್ಯೂಟರಿನಲ್ಲಿ ಖಾತೆ ದೊರೆತ ದಿನವೇ ಆಕೆ ಅದೇ ಪ್ರೋಗ್ರಾಮನ್ನು ಅಲ್ಲಿಗೆ ಕಳುಹಿಸಿ ಓಡಿಸುತ್ತಾಳೆ. ಅಲ್ಲಿಯೂ ಅದಕ್ಕೆ ಸುಮಾರು 100 ಗಂಟೆಯೇ ಬೇಕಾಗುತ್ತದೆ. ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚೇ! ಯಂತ್ರ ಕೆಟ್ಟಿದೆಯೆ? ಇಲ್ಲ. ಯಂತ್ರ ಸರಿಯಾಗಿಯೇ ಇದೆ. ಅದನ್ನು ಬಳಸುವ ಬಗೆ ಆಕೆಗೆ ತಿಳಿದಿಲ್ಲ, ಅಷ್ಟೆ. ಹೊಸ ಬಳಕೆದಾರರಿಗೆ ಪರಿಚಯ ತರಬೇತಿಯನ್ನು ಏರ್ಪಡಿಸುವುದು ಈ ಕಾರಣಕ್ಕಾಗಿಯೇ. ಆ ತರಬೇತಿಯಲ್ಲಿ ಏನನ್ನು ಕಲಿಸುತ್ತಾರೆ, ಏಕೆ ಕಲಿಸುತ್ತಾರೆ ಎಂಬುದನ್ನು ನೋಡೋಣ.

ವೇಗ ಎಲ್ಲಿಂದ ಬರುತ್ತದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ'ವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಯೋಜನೆಯಡಿ ಇದು ರೂಪುಗೊಂಡಿತು. ಇದನ್ನು ವಿನ್ಯಾಸಗೊಳಿಸಿದ್ದು ಸಿ-ಡ್ಯಾಕ್ ಸಂಸ್ಥೆ. 1991ರಲ್ಲಿ 'ಪರಮ್ 8000' ಯಂತ್ರವನ್ನು ನಿರ್ಮಿಸಿ ದೇಶದ ಗಮನ ಸೆಳೆದ ಸಂಸ್ಥೆಯೂ ಇದೇ.

ಪರಮ್ ಪ್ರವೇಗದ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್. ಒಂದರ ಮುಂದೆ 15 ಸೊನ್ನೆ ಬರೆದರೆ ಎಷ್ಟಾಗುತ್ತದೋ ಅಷ್ಟು ದಶಮಾಂಶ ಲೆಕ್ಕಗಳನ್ನು ಒಂದು ಸೆಕೆಂಡಿನಲ್ಲಿ ಮಾಡಿದರೆ ಅದು ಒಂದು ಪೆಟಾಫ್ಲಾಪ್. ಭೂಮಿಯ ಮೇಲಿನ ಸುಮಾರು 800 ಕೋಟಿ ಜನರೂ ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಲೆಕ್ಕ ಮಾಡುತ್ತ ಕುಳಿತರೆ, ಈ ಯಂತ್ರದ ಒಂದು ಸೆಕೆಂಡಿನ ಕೆಲಸವನ್ನು ಮುಗಿಸಲು ನಾಲ್ಕೂ ಮುಕ್ಕಾಲು ದಿನ ಬೇಕು.

ಇಷ್ಟು ವೇಗ ಯಾವುದೋ ಒಂದು ಅದ್ಭುತ ಪ್ರೊಸೆಸರಿನಿಂದ ಬಂದದ್ದಲ್ಲ. ಪರಮ್ ಪ್ರವೇಗದ ಒಳಗೆ ಲೆಕ್ಕ ಮಾಡುವ 624 ಕಂಪ್ಯೂಟರುಗಳಿವೆ. ಇವುಗಳಿಗೆ ನೋಡ್ ಎಂದು ಹೆಸರು. ಇವುಗಳಲ್ಲಿ 428 ಸಾಮಾನ್ಯ ನೋಡ್‌ಗಳು, 156 ಹೆಚ್ಚು ಮೆಮೊರಿಯುಳ್ಳ ನೋಡ್‌ಗಳು. ಉಳಿದ 40 ನೋಡ್‌ಗಳಲ್ಲಿ ಜಿಪಿಯು ಎಂಬ ವಿಶೇಷ ಗಣನ ಫಲಕಗಳಿವೆ. ಸಾಮಾನ್ಯ ನೋಡ್ ಒಂದರಲ್ಲಿ 24 ಕೋರ್‌ಗಳ ಎರಡು ಪ್ರೊಸೆಸರ್, ಅಂದರೆ ಒಟ್ಟು 48 ಕೋರ್‌ಗಳಿರುತ್ತವೆ. ಕೋರ್ ಎಂದರೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕ. ಮೊದಲ ಎರಡು ಬಗೆಯ ನೋಡ್‌ಗಳಲ್ಲಿರುವ ಕೋರ್‌ಗಳನ್ನಷ್ಟೇ ಎಣಿಸಿದರೂ 28,032 ಆಗುತ್ತವೆ.

ಇವುಗಳಲ್ಲಿ ಒಂದೊಂದು ಕೋರ್‌ನ ಗಡಿಯಾರದ ಬಡಿತ 2.9 ಗಿಗಾಹರ್ಟ್ಸ್. ಅಂಗಡಿಯಲ್ಲಿ ಸಿಗುವ ಉತ್ತಮ ಡೆಸ್ಕ್‌ಟಾಪ್ ಕಂಪ್ಯೂಟರುಗಳ ಬಡಿತ ಇದಕ್ಕಿಂತ ಹೆಚ್ಚಾಗಿರುವುದುಂಟು. ನಮ್ಮ ವಿದ್ಯಾರ್ಥಿನಿಯ ಗೊಂದಲಕ್ಕೆ ಉತ್ತರ ಇಲ್ಲಿದೆ. ಅವಳ ಪ್ರೋಗ್ರಾಮು ಒಂದೇ ಕೋರ್‌ನಲ್ಲಿ ಓಡುವಂತೆ ಬರೆದದ್ದು. ಉಳಿದ 28,031 ಕೋರ್‌ಗಳಿಗೆ ಅದರ ಪರಿವೆಯೇ ಇಲ್ಲ. ಸೂಪರ್ ಕಂಪ್ಯೂಟರ್ ಓಟದ ಕುದುರೆಯಲ್ಲ, ನಾಟಿ ಮಾಡಲು ಸಾಲಾಗಿ ನಿಂತ ಕೂಲಿಯಾಳುಗಳ ದೊಡ್ಡ ಗುಂಪು. ಗದ್ದೆಯನ್ನು ಪಾಲು ಮಾಡಿ ಕೊಟ್ಟರೆ ಮಾತ್ರ ಗುಂಪಿನಿಂದ ಪ್ರಯೋಜನ.

ಹೊರ ಚಾವಡಿ, ಒಳ ಕಾರ್ಯಾಗಾರ

ತರಬೇತಿ ಆರಂಭವಾಗುವುದು ಯಂತ್ರವನ್ನು ತಲುಪುವ ಬಗೆಯಿಂದ. ಬಳಕೆದಾರರು ಯಂತ್ರದ ಮುಂದೆ ಹೋಗಿ ಕೂರುವುದಿಲ್ಲ. ತಮ್ಮ ಕಂಪ್ಯೂಟರಿನಿಂದಲೇ, ಗುಪ್ತಲಿಪಿಯ ರಕ್ಷಣೆಯುಳ್ಳ ಎಸ್‌ಎಸ್‌ಎಚ್ ಎಂಬ ಸಂಪರ್ಕದ ಮೂಲಕ ಪ್ರವೇಶಿಸುತ್ತಾರೆ. ಒಳಹೊಕ್ಕರೆ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಆದೇಶಗಳನ್ನು ಟೈಪ್ ಮಾಡಲು ಒಂದು ಸಾಲು ಮಾತ್ರ ಕಾಣುತ್ತದೆ. ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸ್ ಯಂತ್ರಗಳೇ. ಆದ್ದರಿಂದ ಲಿನಕ್ಸಿನ ಹತ್ತಿಪ್ಪತ್ತು ಆದೇಶಗಳನ್ನು ಕಲಿಯದೆ ಮುಂದೆ ಹೋಗುವಂತಿಲ್ಲ.

ಹೀಗೆ ಪ್ರವೇಶಿಸಿದಾಗ ನಾವು ತಲುಪುವುದು ಲಾಗಿನ್ ನೋಡ್ ಎಂಬ ಚಾವಡಿಯನ್ನು. ಏಕಕಾಲದಲ್ಲಿ ಅನೇಕರು ಅಲ್ಲಿರುತ್ತಾರೆ. ಪ್ರೋಗ್ರಾಮನ್ನು ತಿದ್ದುವುದು, ಅದನ್ನು ಯಂತ್ರಭಾಷೆಗೆ ಪರಿವರ್ತಿಸುವುದು, ಕಡತಗಳನ್ನು ಜೋಡಿಸಿಡುವುದು, ಕೆಲಸವನ್ನು ಒಳಕ್ಕೆ ಕಳುಹಿಸುವುದು ಇಷ್ಟಕ್ಕೆ ಮಾತ್ರ ಆ ಚಾವಡಿ ಇರುವುದು. ನಿಜವಾದ ಲೆಕ್ಕ ನಡೆಯುವುದು ಒಳಗಿರುವ ಗಣನ ನೋಡ್‌ಗಳಲ್ಲಿ.

ಹೊಸಬರು ಮಾಡುವ ಮೊದಲ ತಪ್ಪು ಇಲ್ಲಿಯೇ. ಮನೆಯ ಕಂಪ್ಯೂಟರಿನ ಅಭ್ಯಾಸದಂತೆ ಪ್ರೋಗ್ರಾಮಿನ ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಿಬಿಡುತ್ತಾರೆ. ಲೆಕ್ಕ ಲಾಗಿನ್ ನೋಡ್‌ನಲ್ಲಿಯೇ ಓಡತೊಡಗುತ್ತದೆ. ಆಗ ಅಲ್ಲಿರುವ ಉಳಿದವರ ಕೆಲಸವೂ ನಿಧಾನವಾಗುತ್ತದೆ. ಅವರು ಟೈಪ್ ಮಾಡಿದ ಅಕ್ಷರ ತೆರೆಯ ಮೇಲೆ ಮೂಡಲು ತಡವಾಗುತ್ತದೆ. ಒಬ್ಬರ ಅಜ್ಞಾನದ ಬೆಲೆಯನ್ನು ಇತರರೆಲ್ಲ ತೆರಬೇಕಾಗುತ್ತದೆ. ಇಂಥ ಓಟಗಳನ್ನು ವ್ಯವಸ್ಥಾಪಕರು ನಡುವಿನಲ್ಲೇ ನಿಲ್ಲಿಸುವುದು ರೂಢಿ.

ಸರದಿಯ ಲೆಕ್ಕಾಚಾರ

ಹಾಗಾದರೆ ಕೆಲಸವನ್ನು ಒಳಗೆ ಕಳುಹಿಸುವುದು ಹೇಗೆ? ಇದಕ್ಕಾಗಿ ಒಂದು ಚಿಕ್ಕ ಅರ್ಜಿಯನ್ನು ಬರೆಯಬೇಕು. ಇದನ್ನು ಜಾಬ್ ಸ್ಕ್ರಿಪ್ಟ್ ಎನ್ನುತ್ತಾರೆ. ಎಷ್ಟು ನೋಡ್ ಬೇಕು, ಎಷ್ಟು ಕೋರ್ ಬೇಕು, ಎಷ್ಟು ಮೆಮೊರಿ ಬೇಕು, ಎಷ್ಟು ಹೊತ್ತು ಬೇಕು, ಯಾವ ಪ್ರೋಗ್ರಾಮನ್ನು ಓಡಿಸಬೇಕು ಎಂಬ ವಿವರಗಳು ಅದರಲ್ಲಿರುತ್ತವೆ. ಅರ್ಜಿಯನ್ನು ಪರಿಶೀಲಿಸಿ ಸರದಿಯಲ್ಲಿ ನಿಲ್ಲಿಸುವುದು ಒಂದು ತಂತ್ರಾಂಶದ ಹೊಣೆ. ಪರಮ್ ಸರಣಿಯ ಯಂತ್ರಗಳಲ್ಲಿ ಈ ಕೆಲಸ ಮಾಡುವುದು ಸ್ಲರ್ಮ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2000ದ ದಶಕದ ಆರಂಭದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಇದು. 'ಎಸ್‌ಬ್ಯಾಚ್' ಎಂಬ ಆದೇಶದಿಂದ ಅರ್ಜಿ ಸಲ್ಲಿಸಬಹುದು, 'ಎಸ್‌ಕ್ಯೂ' ಎಂಬುದರಿಂದ ಸರದಿಯನ್ನು ನೋಡಬಹುದು, 'ಎಸ್‌ಕ್ಯಾನ್ಸಲ್' ಎಂಬುದರಿಂದ ಅರ್ಜಿಯನ್ನು ಹಿಂತೆಗೆದುಕೊಳ್ಳಬಹುದು.

ಅರ್ಜಿಯಲ್ಲಿ ಸಮಯವನ್ನು ಬರೆಯುವಾಗ ಎಚ್ಚರ ಬೇಕು. ಕಡಿಮೆ ಬರೆದರೆ, ಸಮಯ ಮುಗಿದೊಡನೆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಲಾಗುತ್ತದೆ. ಹಾಗೆಂದು ವಿಪರೀತ ಹೆಚ್ಚು ಬರೆದರೂ ನಷ್ಟವೇ. ಹೇಗೆ? ಊರಿನ ಛತ್ರವೊಂದನ್ನು ನೆನೆಯಿರಿ. ಮದುವೆ ದಿಬ್ಬಣವೊಂದಕ್ಕೆ 20 ಕೋಣೆ ಬೇಕು. ಈಗ ಖಾಲಿ ಇರುವುದು 12 ಮಾತ್ರ. ಉಳಿದ ಎಂಟು ನಾಳೆ ಸಂಜೆಗೆ ತೆರವಾಗುತ್ತವೆ. ಅಲ್ಲಿಯವರೆಗೆ ಆ 12 ಕೋಣೆಗಳಿಗೆ ಬೀಗ ಹಾಕಿಡಬೇಕೆ? ಬೇಡ. ಒಂದೇ ರಾತ್ರಿ ತಂಗಿ ಬೆಳಗ್ಗೆ ಹೊರಡುತ್ತೇನೆ ಎನ್ನುವ ಯಾತ್ರಿಕನಿಗೆ ಅದರಲ್ಲೊಂದನ್ನು ಕೊಡಬಹುದು, ದಿಬ್ಬಣಕ್ಕೆ ತೊಂದರೆಯಿಲ್ಲ. ಆದರೆ 'ಎಷ್ಟು ದಿನವೋ ತಿಳಿಯದು, ಒಂದು ವಾರ ಎಂದು ಬರೆದುಕೊಳ್ಳಿ' ಎನ್ನುವವನು ಹೊರಗೇ ಕಾಯಬೇಕಾಗುತ್ತದೆ.

ಸ್ಲರ್ಮ್ ಮಾಡುವುದೂ ಇದನ್ನೇ. ದೊಡ್ಡ ಕೆಲಸಕ್ಕಾಗಿ ನೋಡ್‌ಗಳನ್ನು ಕಾದಿರಿಸುವಾಗ ನಡುವೆ ಉಳಿಯುವ ಬಿಡುವಿನಲ್ಲಿ ಚಿಕ್ಕ ಕೆಲಸಗಳನ್ನು ತೂರಿಸುತ್ತದೆ. ತನ್ನ ಕೆಲಸಕ್ಕೆ ಏಳು ಗಂಟೆ ಬೇಕೆಂದು ಅಳೆದು ತಿಳಿದವರು, ಅದಕ್ಕೊಂದಿಷ್ಟು ಸೇರಿಸಿ ಎಂಟು ಗಂಟೆ ಎಂದು ಬರೆಯುತ್ತಾರೆ. ಅಳೆಯದವರು ಮೂರು ದಿನ ಎಂದು ಬರೆದು ಮೂರು ದಿನ ಕಾಯುತ್ತಾರೆ.

ಗದ್ದೆಯನ್ನು ಪಾಲು ಮಾಡುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆಲಸವನ್ನು ಕೋರ್‌ಗಳಿಗೆ ಹಂಚುವುದು ಹೇಗೆ? ನಮ್ಮ ವಿದ್ಯಾರ್ಥಿನಿಯ ಲೋಹದ ಹಾಳೆಯನ್ನು 10,000 ಅಡ್ಡಸಾಲು, 10,000 ಕಂಬಸಾಲುಗಳ ಚೌಕಳಿಯಾಗಿ ಗುರುತಿಸಿದ್ದಾಳೆ ಎಂದುಕೊಳ್ಳಿ. ಒಟ್ಟು 10 ಕೋಟಿ ಬಿಂದುಗಳು. ಪ್ರತಿ ಹೆಜ್ಜೆಯಲ್ಲೂ ಒಂದು ಬಿಂದುವಿನ ಹೊಸ ಉಷ್ಣತೆಯನ್ನು ಅದರ ನಾಲ್ಕು ನೆರೆಬಿಂದುಗಳ ಹಿಂದಿನ ಉಷ್ಣತೆಯಿಂದ ಲೆಕ್ಕ ಹಾಕಬೇಕು.

ಈ ಹಾಳೆಯನ್ನು 100 ಪಟ್ಟಿಗಳಾಗಿ ಕತ್ತರಿಸಿ 100 ಕೋರ್‌ಗಳಿಗೆ ಕೊಟ್ಟರೆ, ಒಂದೊಂದಕ್ಕೂ 100 ಅಡ್ಡಸಾಲು ಸಿಗುತ್ತದೆ. ಆದರೆ ಪಟ್ಟಿಯ ಅಂಚಿನ ಬಿಂದುಗಳಿಗೆ ಪಕ್ಕದ ಪಟ್ಟಿಯ ಉಷ್ಣತೆ ತಿಳಿಯಬೇಕಲ್ಲ? ಅದಕ್ಕಾಗಿ ಪ್ರತಿ ಹೆಜ್ಜೆಗೂ ಮೇಲಿನವರಿಂದ ಒಂದು ಸಾಲನ್ನು, ಕೆಳಗಿನವರಿಂದ ಒಂದು ಸಾಲನ್ನು ತರಿಸಿಕೊಳ್ಳಬೇಕು. ನೂರು ಸಾಲಿನ ಕೆಲಸಕ್ಕೆ ಎರಡು ಸಾಲಿನ ಮಾತುಕತೆ. ಇದು ಹೊರೆಯಲ್ಲ. ಅದೇ ಹಾಳೆಯನ್ನು 5,000 ಪಟ್ಟಿ ಮಾಡಿದರೆ? ಒಂದೊಂದರ ಪಾಲಿಗೆ ಎರಡೇ ಸಾಲು. ತರಿಸಿಕೊಳ್ಳಬೇಕಾದದ್ದೂ ಎರಡು ಸಾಲು. ಕೆಲಸದಷ್ಟೇ ಮಾತುಕತೆ! ಒಂದು ಗುಂಟೆ ಗದ್ದೆಗೆ ನೂರು ಆಳು ಇಳಿದರೆ ಒಬ್ಬರ ಕಾಲಿಗೆ ಒಬ್ಬರು ಸಿಕ್ಕುವಂತೆ, ಇಲ್ಲಿಯೂ ಕೋರ್‌ಗಳು ಲೆಕ್ಕಕ್ಕಿಂತ ಕಾಯುವುದರಲ್ಲೇ ಕಾಲ ಕಳೆಯುತ್ತವೆ.

ಈ ಮಾತುಕತೆಗೆ ಗೊತ್ತಾದ ಕ್ರಮಗಳಿವೆ. ಬೇರೆ ಬೇರೆ ನೋಡ್‌ಗಳ ನಡುವೆ ಸಂದೇಶ ಕಳುಹಿಸಲು ಎಂಪಿಐ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ಇದರ ಮೊದಲ ಆವೃತ್ತಿ ಬಂದದ್ದು 1994ರಲ್ಲಿ. ಒಂದೇ ನೋಡ್‌ನ ಕೋರ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಂಡು ದುಡಿಯಲು 1997ರಲ್ಲಿ ಮೊದಲು ಪ್ರಕಟವಾದ ಓಪನ್‌ಎಂಪಿ ನೆರವಾಗುತ್ತದೆ. ಪರಿಚಯ ತರಬೇತಿಗಳಲ್ಲಿ ಇವೆರಡನ್ನೂ ಚಿಕ್ಕ ಉದಾಹರಣೆಗಳ ಮೂಲಕ ಹೇಳಿಕೊಡುತ್ತಾರೆ.

ಎಷ್ಟು ಕೋರ್ ಕೇಳಬೇಕು?

ಹತ್ತು ಪಟ್ಟು ಕೋರ್ ಕೇಳಿದರೆ ಕೆಲಸ ಹತ್ತು ಪಟ್ಟು ಬೇಗ ಮುಗಿಯುತ್ತದೆ ಎಂಬುದು ಹೊಸಬರ ಸಹಜ ನಂಬಿಕೆ. ಇದು ಸರಿಯಲ್ಲವೆಂದು ಜೀನ್ ಆಮ್‌ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕಾರ 1967ರಲ್ಲಿಯೇ ತೋರಿಸಿದ್ದ. ಯಾವುದೇ ಪ್ರೋಗ್ರಾಮಿನಲ್ಲಿ ಹಂಚಲಾಗದ ಒಂದು ಭಾಗ ಇದ್ದೇ ಇರುತ್ತದೆ. ಕಡತವನ್ನು ಓದುವುದು, ಆರಂಭದ ಸಿದ್ಧತೆ, ಕೊನೆಗೆ ಉತ್ತರವನ್ನು ಒಟ್ಟುಗೂಡಿಸುವುದು ಮುಂತಾದವು. ಎಷ್ಟು ಆಳು ಬಂದರೂ ಈ ಭಾಗ ಕುಗ್ಗುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಹಂಚಲಾಗದ ಭಾಗ ನೂರಕ್ಕೆ ಐದರಷ್ಟು ಎಂದಿಟ್ಟುಕೊಳ್ಳೋಣ. ಮಾತುಕತೆಗೆ ತಗಲುವ ಸಮಯವನ್ನು ಸದ್ಯಕ್ಕೆ ಬಿಟ್ಟುಬಿಡೋಣ. ನೂರು ಗಂಟೆಯಲ್ಲಿ ಐದು ಗಂಟೆ ಹಾಗೆಯೇ ಉಳಿಯುತ್ತದೆ. 95 ಗಂಟೆ ಮಾತ್ರ ಹಂಚಿಹೋಗುತ್ತದೆ. 48 ಕೋರ್ ಬಳಸಿದರೆ 95ನ್ನು 48ರಿಂದ ಭಾಗಿಸಿ ಐದನ್ನು ಕೂಡಿಸಬೇಕು. ಸುಮಾರು ಏಳು ಗಂಟೆ. 480 ಕೋರ್ ಬಳಸಿದರೆ ಸುಮಾರು 5.2 ಗಂಟೆ. ಹತ್ತು ಪಟ್ಟು ಕೋರ್ ಕೇಳಿದ್ದಕ್ಕೆ ಉಳಿದ ಸಮಯ ಎರಡು ಗಂಟೆಯೂ ಇಲ್ಲ! ಕೋಟಿ ಕೋರ್ ಕೊಟ್ಟರೂ ಐದು ಗಂಟೆಗಿಂತ ಬೇಗ ಮುಗಿಯದು. ಅಂದರೆ ಈ ಪ್ರೋಗ್ರಾಮಿನ ವೇಗ 20 ಪಟ್ಟಿಗಿಂತ ಹೆಚ್ಚುವುದು ಅಸಾಧ್ಯ.

ಇದರ ಖರ್ಚನ್ನೂ ನೋಡಿ. ಒಂದು ಕೋರ್ ಒಂದು ಗಂಟೆ ದುಡಿದರೆ ಒಂದು ಕೋರ್-ಗಂಟೆ. ಮೊದಲ ಬಗೆಯಲ್ಲಿ ಸುಮಾರು 335 ಕೋರ್-ಗಂಟೆ ವ್ಯಯವಾಯಿತು. ಎರಡನೆಯದರಲ್ಲಿ ಸುಮಾರು 2,495. ಹೆಚ್ಚುವರಿಯಾಗಿ ಹೋದ 2,160 ಕೋರ್-ಗಂಟೆಗಳಲ್ಲಿ ಇಂಥವೇ ಆರು ಲೆಕ್ಕಗಳು ಮುಗಿಯುತ್ತಿದ್ದವು. ಅವು ಸರದಿಯಲ್ಲಿ ಕಾಯುತ್ತಿರುವ ಇನ್ನೊಬ್ಬ ವಿದ್ಯಾರ್ಥಿಯ ಪ್ರಬಂಧದ ಲೆಕ್ಕಗಳೂ ಆಗಿರಬಹುದು. ಸಾರ್ವಜನಿಕ ಹಣದಿಂದ ಕಟ್ಟಿದ ಯಂತ್ರದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಸಾವಿರಾರು ಕೋರ್‌ಗಳು ಯಾರಿಗೆ ಬೇಕು? ಜಾನ್ ಗಸ್ಟಾಫ್‌ಸನ್ 1988ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಯಂತ್ರ ದೊಡ್ಡದಾದಂತೆ ವಿಜ್ಞಾನಿಗಳು ಹಳೆಯ ಲೆಕ್ಕವನ್ನೇ ಬೇಗ ಮುಗಿಸುವುದರ ಬದಲು ಹಿರಿದಾದ ಲೆಕ್ಕಕ್ಕೆ ಕೈಹಾಕುತ್ತಾರೆ. ಹಾಳೆಯ ಚೌಕಳಿ ಇನ್ನಷ್ಟು ಸೂಕ್ಷ್ಮವಾದಂತೆ ಹಂಚಬಹುದಾದ ಭಾಗ ಬೆಳೆಯುತ್ತದೆ, ಹಂಚಲಾಗದ ಭಾಗ ಸಾಮಾನ್ಯವಾಗಿ ಅಷ್ಟಾಗಿ ಬೆಳೆಯುವುದಿಲ್ಲ. ಗದ್ದೆ ವಿಶಾಲವಾದಾಗ ಹೆಚ್ಚು ಆಳುಗಳಿಗೂ ಕೆಲಸ ಸಿಗುತ್ತದೆ.

ಆದ್ದರಿಂದ ತರಬೇತಿಯಲ್ಲಿ ಹೇಳುವ ಮುಖ್ಯ ಸೂತ್ರ ಇಷ್ಟು: ದೊಡ್ಡ ಓಟಕ್ಕೆ ಮುನ್ನ ಚಿಕ್ಕ ಓಟಗಳನ್ನು ಮಾಡಿ ಅಳೆಯಿರಿ. ಅದೇ ಲೆಕ್ಕದ ಕೆಲವೇ ಹೆಜ್ಜೆಗಳನ್ನು 1, 2, 4, 8, 16, 48 ಕೋರ್‌ಗಳಲ್ಲಿ ಓಡಿಸಿ, ಸಮಯವನ್ನು ಗುರುತಿಸಿ ನಕ್ಷೆ ಬರೆಯಿರಿ. ರೇಖೆ ಎಲ್ಲಿ ಬಾಗಿ ಚಪ್ಪಟೆಯಾಗುತ್ತದೋ ಅಲ್ಲಿಗೆ ನಿಲ್ಲಿಸಿ.

ಕಡತಗಳ ಬಗ್ಗೆ ಎರಡು ಮಾತು

ಪರಮ್ ಪ್ರವೇಗದ ಸಂಗ್ರಹ ಸಾಮರ್ಥ್ಯ 4 ಪೆಟಾಬೈಟ್. ಇಷ್ಟಿದ್ದರೂ ಪ್ರತಿಯೊಬ್ಬರಿಗೂ ಮಿತಿ ಇರುತ್ತದೆ. ಸಾಮಾನ್ಯವಾಗಿ ಇಂಥ ಯಂತ್ರಗಳಲ್ಲಿ ಎರಡು ಜಾಗಗಳಿರುತ್ತವೆ. ಮೊದಲನೆಯದು 'ಹೋಮ್', ಪ್ರೋಗ್ರಾಮುಗಳನ್ನು ಜೋಪಾನವಾಗಿಡುವ ಚಿಕ್ಕ ಪೆಟ್ಟಿಗೆ ಇದು. ಎರಡನೆಯದು 'ಸ್ಕ್ರ್ಯಾಚ್', ಲೆಕ್ಕ ನಡೆಯುವಾಗ ಬಳಸುವ ದೊಡ್ಡ ಅಂಗಳ. ಈ ಅಂಗಳದಲ್ಲಿ ಹೆಚ್ಚು ಕಾಲ ಮುಟ್ಟದೆ ಬಿಟ್ಟ ಕಡತಗಳನ್ನು ತಾನಾಗಿ ಅಳಿಸಿಹಾಕುವ ನಿಯಮ ಹಲವು ಕೇಂದ್ರಗಳಲ್ಲಿದೆ. ವರ್ಷದ ದುಡಿಮೆಯನ್ನು ಅಲ್ಲಿಯೇ ಬಿಟ್ಟು ರಜೆಗೆ ಹೋದವರು ಮರಳಿ ಬಂದಾಗ ಏನೂ ಉಳಿದಿರುವುದಿಲ್ಲ.

ಫಲಿತಾಂಶವನ್ನು ಕೊನೆಯ ಕ್ಷಣದಲ್ಲಿ ಇಳಿಸಿಕೊಳ್ಳುತ್ತೇನೆ ಎನ್ನುವಂತೆಯೂ ಇಲ್ಲ. ಒಂದು ಟೆರಾಬೈಟ್ ಮಾಹಿತಿಯನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ತರಲು, ಎಲ್ಲವೂ ಸರಿಯಾಗಿದ್ದರೂ 22 ಗಂಟೆ ಬೇಕು. ಹಾಗೆಯೇ, ದೀರ್ಘ ಲೆಕ್ಕಗಳಲ್ಲಿ ಆಗಾಗ್ಗೆ ಅಲ್ಲಿಯವರೆಗಿನ ಸ್ಥಿತಿಯನ್ನು ಕಡತದಲ್ಲಿ ಉಳಿಸುತ್ತಿರಬೇಕು. ವಿದ್ಯುತ್ ಹೋದರೂ, ನೋಡ್ ಕೆಟ್ಟರೂ, ಸಮಯ ಮುಗಿದರೂ ನಿಂತಲ್ಲಿಂದ ಮುಂದುವರಿಯಲು ಆಗ ಸಾಧ್ಯ.

ಉತ್ತರ ಬದಲಾಯಿತೇಕೆ?

48 ಕೋರ್‌ಗಳಲ್ಲಿ ಓಡಿಸಿದಾಗ ಬಂದ ಉತ್ತರಕ್ಕೂ ಒಂದೇ ಕೋರ್‌ನಲ್ಲಿ ಬಂದ ಉತ್ತರಕ್ಕೂ ಕೊನೆಯ ಕೆಲವು ಅಂಕಿಗಳಲ್ಲಿ ವ್ಯತ್ಯಾಸ ಕಂಡು ಹೊಸಬರು ಗಾಬರಿಯಾಗುವುದುಂಟು. ಗಣಿತದಲ್ಲಿ ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೂಡಿಸಿದರೂ ಮೊತ್ತ ಒಂದೇ. ಆದರೆ ಕಂಪ್ಯೂಟರ್ ನಿಗದಿತ ಸಂಖ್ಯೆಯ ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಮೂರೇ ಅಂಕಿ ನೆನಪಿಡಬಲ್ಲ ಯಂತ್ರವೊಂದಿದೆ ಎನ್ನಿ. 100ಕ್ಕೆ 0.4 ಕೂಡಿಸಿದರೆ 100.4, ಯಂತ್ರ ಇದನ್ನು 100 ಎಂದು ಬರೆದುಕೊಳ್ಳುತ್ತದೆ. ಮತ್ತೆ 0.4 ಕೂಡಿಸಿದರೂ 100 ಮಾತ್ರ. ಈಗ ಕ್ರಮ ಬದಲಿಸಿ. ಮೊದಲು 0.4 ಮತ್ತು 0.4 ಕೂಡಿಸಿದರೆ 0.8, ಅದನ್ನು 100ಕ್ಕೆ ಕೂಡಿಸಿದರೆ 100.8, ಅಂದರೆ 101!

ಕೆಲಸವನ್ನು ಹಂಚಿದಾಗ ಕೂಡುವ ಕ್ರಮ ಬದಲಾಗುತ್ತದೆ. ಆದ್ದರಿಂದ ಸಣ್ಣ ವ್ಯತ್ಯಾಸ ಸಹಜ. ದೊಡ್ಡ ವ್ಯತ್ಯಾಸ ಬಂದರೆ ಮಾತ್ರ ಪ್ರೋಗ್ರಾಮಿನಲ್ಲಿ ದೋಷವಿದೆಯೆಂದು ಹುಡುಕಬೇಕು. ಯಾವುದು ಸಹಜ, ಯಾವುದು ದೋಷ ಎಂದು ನಿರ್ಧರಿಸಲು ಉತ್ತರ ಮೊದಲೇ ತಿಳಿದಿರುವ ಚಿಕ್ಕ ಸಮಸ್ಯೆಯೊಂದರ ಮೇಲೆ ಪ್ರೋಗ್ರಾಮನ್ನು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ತರಗತಿಯಲ್ಲಿ ಮಾಡಿ ನೋಡಿ

ರಾಷ್ಟ್ರೀಯ ಮಿಷನ್‌ನಲ್ಲಿ ಯಂತ್ರಗಳ ಸ್ಥಾಪನೆಯಷ್ಟೇ ಮಹತ್ವ ಜನರ ತರಬೇತಿಗೂ ದೊರೆತಿದೆ. ಖರಗ್‌ಪುರ, ಮದ್ರಾಸ್, ಗೋವಾ ಮತ್ತು ಪಾಲಕ್ಕಾಡ್ ಐಐಟಿಗಳಲ್ಲಿ ಅದಕ್ಕಾಗಿಯೇ ಕೇಂದ್ರಗಳು ರೂಪುಗೊಂಡವು. ಆದರೆ ಇದರ ಮೂಲ ತತ್ತ್ವವನ್ನು ಕಲಿಯಲು ಸೂಪರ್ ಕಂಪ್ಯೂಟರ್ ಬೇಕಾಗಿಲ್ಲ. ಅಧ್ಯಾಪಕರು ಇದನ್ನು ತರಗತಿಯಲ್ಲಿಯೇ ತೋರಿಸಬಹುದು.

ಕಪ್ಪುಹಲಗೆಯ ಮೇಲೆ 160 ಸಂಖ್ಯೆಗಳನ್ನು ಬರೆಯಿರಿ. ಒಬ್ಬ ವಿದ್ಯಾರ್ಥಿ ಎಲ್ಲವನ್ನೂ ಕೂಡಿಸಲು ಬೇಕಾದ ಸಮಯ 160 ಮಾನ ಎಂದಿಟ್ಟುಕೊಳ್ಳಿ. ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರಿಗೆ 40 ಸಂಖ್ಯೆ. ಕೊನೆಗೆ ನಾಲ್ಕು ಮೊತ್ತಗಳನ್ನು ಒಬ್ಬರು ಕೂಡಿಸಬೇಕು. ಒಟ್ಟು 44 ಮಾನ. ಎಂಟು ಮಂದಿಗೆ ಹಂಚಿದರೆ 20ಕ್ಕೆ 8 ಸೇರಿ 28. ಹದಿನಾರು ಮಂದಿಗೆ 10ಕ್ಕೆ 16 ಸೇರಿ 26. ಈಗ 32 ಮಂದಿಯನ್ನು ಎಬ್ಬಿಸಿ: 5ಕ್ಕೆ 32 ಸೇರಿ 37! ಜನ ಹೆಚ್ಚಿದರು, ಕೆಲಸ ನಿಧಾನವಾಯಿತು. ಗಡಿಯಾರ ಹಿಡಿದು ನಿಜವಾಗಿಯೂ ಅಳೆದು ನೋಡಿ. ಅಂಕಿಗಳು ಬೇರೆಯಾದರೂ ರೇಖೆಯ ಬಾಗು ಇದೇ ಆಗಿರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಅದೇ 32 ಮಂದಿ ತಮ್ಮ ಮೊತ್ತಗಳನ್ನು ಒಬ್ಬರಿಗೇ ಒಪ್ಪಿಸುವ ಬದಲು ಇಬ್ಬಿಬ್ಬರಾಗಿ ಜೊತೆಗೂಡಿ ಕೂಡಿಸಲಿ. ಮೊದಲ ಸುತ್ತಿನಲ್ಲಿ 16 ಮೊತ್ತ ಉಳಿಯುತ್ತವೆ. ಮುಂದೆ 8, 4, 2, ಕೊನೆಗೆ 1. ಐದೇ ಸುತ್ತು. ಒಟ್ಟು ಸಮಯ 5ಕ್ಕೆ 5 ಸೇರಿ 10 ಮಾನ ಮಾತ್ರ. ಆಳುಗಳ ಸಂಖ್ಯೆ ಅಷ್ಟೇ; ಬದಲಾದದ್ದು ಕೆಲಸದ ರೀತಿ. ಎಂಪಿಐ ವ್ಯವಸ್ಥೆಯಲ್ಲಿ ಸಾವಿರಾರು ಕೋರ್‌ಗಳ ಉತ್ತರವನ್ನು ಒಟ್ಟುಗೂಡಿಸಲು ಇಂಥ ಉಪಾಯವನ್ನೇ ಬಳಸುತ್ತಾರೆ.

ಪ್ರಯೋಗಾಲಯದಲ್ಲಿ ನಾಲ್ಕು ಕೋರ್‌ಗಳ ಸಾಮಾನ್ಯ ಕಂಪ್ಯೂಟರಿದ್ದರೆ ಅದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ, ಓಪನ್‌ಎಂಪಿಯ ನೆರವಿನಿಂದ ಇದೇ ಪ್ರಯೋಗವನ್ನು ಕೋಟಿ ಸಂಖ್ಯೆಗಳ ಮೇಲೆ ಮಾಡಬಹುದು. ಒಂದು, ಎರಡು, ನಾಲ್ಕು ಕೋರ್‌ಗಳಲ್ಲಿ ಹಿಡಿದ ಸಮಯವನ್ನು ವಿದ್ಯಾರ್ಥಿಗಳೇ ಅಳೆದು ನಕ್ಷೆ ಬರೆಯಲಿ. ಹೀಗೆ ಅಳೆಯಲು ಕಲಿತ ವಿದ್ಯಾರ್ಥಿ ಮುಂದೊಂದು ದಿನ ಸೂಪರ್ ಕಂಪ್ಯೂಟರಿನ ಚಾವಡಿಗೆ ಬಂದಾಗ, ಅರ್ಜಿಯಲ್ಲಿ ಎಷ್ಟು ಕೋರ್, ಎಷ್ಟು ಗಂಟೆ ಎಂಬಲ್ಲಿ ಊಹೆಯ ಅಂಕಿಯನ್ನು ಬರೆಯಲಾರ.